ಬಿಸಿಲ ಪೆಟ್ಟಿಗೆಯ ಸುಂದರಮ್ಮ

ಶಂಕರಪುರಂನಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ತ್ರಿಪುರಸುಂದರಿ ಎಂಬುವವರ ಮನೆ. ಅಷ್ಟುದ್ದದ ಹೆಸರನ್ನು ಬೀದಿಯಲ್ಲಿ ಯಾರಾದರೂ ಪೂರ್ತಿ ಕರೆದದ್ದನ್ನು ನಾನು ಕೇಳಿಲ್ಲ. ದೊಡ್ಡವರಿಗೆ ಅವರು ಸುಂದರಮ್ಮ, ನಮ್ಮಂಥ ಚಿಕ್ಕವರಿಗೆ ಸುಂದರಾಂಟಿ, ತರಕಾರಿ ಗಾಡಿಯ ಮುನಿಯಮ್ಮನಿಗೆ ಮಾತ್ರ ‘ಬಿಸಿಲ ಪೆಟ್ಟಿಗೆ ಅಮ್ಮ’. ಈಗ ಅವರಿಗೆ ಎಪ್ಪತ್ತೈದರ ಮೇಲಾಗಿದೆ. ಬೆನ್ನು ಸ್ವಲ್ಪ ಬಾಗಿದೆ, ಕಿವಿ ಚುರುಕಾಗಿದೆ, ಮೆಟ್ಟಿಲು ಹತ್ತುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಅವರು ಹುಟ್ಟಿದ್ದು ಅಕ್ಕಿಪೇಟೆಯಲ್ಲಿ. ಕೆಳಗೆ ಅಪ್ಪನ ಅಕ್ಕಿ ಮಂಡಿ, ಮೇಲೆ ಮನೆ. ಎದುರುಬದುರು ಕಟ್ಟಡಗಳು ಒಂದರ ಮುಖಕ್ಕೆ ಒಂದು ತಾಗುವಷ್ಟು ಹತ್ತಿರ. ಹಗಲಲ್ಲೂ ಒಳಗೆ ದೀಪ ಉರಿಯಬೇಕು, ಒಗೆದು ಹಾಕಿದ ಬಟ್ಟೆ ಒಣಗದೆ ಮುಗ್ಗಲು ಹಿಡಿಯಬೇಕು. ಬಿಸಿಲೆಂದರೆ ಆ ಮನೆಗೆ ಬೆಳಗಿನ ಹೊತ್ತು ಬಂದು ಹೋಗುವ ನೆಂಟ. ಮಧ್ಯಾಹ್ನದ ಒಳಗೆ ಎದ್ದು ಹೊರಟುಬಿಡುತ್ತಿತ್ತು. ಹಾಗಾಗಿ, ಕಾಟನ್‌ಪೇಟೆಯಲ್ಲಿ ಬಟ್ಟೆಯ ಸಗಟು ವ್ಯಾಪಾರ ಮಾಡುತ್ತಿದ್ದ ರೇವಣಸಿದ್ದಯ್ಯನವರನ್ನು ಮದುವೆಯಾಗಿ ಶಂಕರಪುರಕ್ಕೆ ಬಂದಾಗ ಸುಂದರಮ್ಮನಿಗೆ ಗಂಡನ ಮನೆಯಲ್ಲಿ ಮೊದಲು ಇಷ್ಟವಾದದ್ದು ತಾರಸಿ. ಆಗ ಇಲ್ಲಿ ಎಲ್ಲವೂ ತಗ್ಗು ಮನೆಗಳು. ಮೇಲೆ ನಿಂತರೆ ತೆಂಗಿನ ಮರಗಳ ತಲೆ, ಹೆಂಚಿನ ಸಾಲು, ದೂರಕ್ಕೆ ಬಸವನಗುಡಿಯ ಕಡೆಯ ಮರಗಳ ಹಸಿರು. ಮದುವೆಯಾದ ಹೊಸದರಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ಮೇಲೆ ಹೋದವರು ಊಟದ ಹೊತ್ತಾದರೂ ಇಳಿಯುತ್ತಿರಲಿಲ್ಲವಂತೆ. ಇಷ್ಟೊಂದು ಬಿಸಿಲು ಯಾರಿಗೂ ಬೇಡವಾಗಿ ಬಿದ್ದಿದೆಯಲ್ಲ ಎಂದು ಅವರಿಗೆ ಆಶ್ಚರ್ಯ.

ಅದು ಉಪಯೋಗಕ್ಕೆ ಬಂದದ್ದು ಬಹಳ ವರ್ಷಗಳ ಮೇಲೆ, ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಆಗ ಗ್ಯಾಸ್ ಸಿಲಿಂಡರ್ ಖಾಲಿಯಾದರೆ ಮುಂದಿನದು ಯಾವಾಗ ಬರುತ್ತದೆಂದು ಹೇಳುವವರಿರಲಿಲ್ಲ. ಸೀಮೆಎಣ್ಣೆಗೆ ಸೊಸೈಟಿಯ ಮುಂದೆ ಡಬ್ಬಗಳ ಸಾಲು. ಬಚ್ಚಲುಮನೆಯ ಹಂಡೆಗೆ ಸೌದೆ, ಮರದ ಹೊಟ್ಟು. ಚಾಮರಾಜಪೇಟೆಯ ಮಹಿಳಾ ಸಮಾಜದ ಅಂಗಳದಲ್ಲಿ ಒಂದು ಪ್ರದರ್ಶನ ಏರ್ಪಾಡಾಗಿತ್ತು. ಅಲ್ಲಿ ಒಂದು ಪೆಟ್ಟಿಗೆ. ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಎರಡು ಪದರ ಗಾಜು, ಮುಚ್ಚಳದ ಒಳಮೈಗೆ ಕನ್ನಡಿ. ಮೇಜಿನ ಪಕ್ಕ ನಿಂತಿದ್ದ ಹೆಂಗಸು ಗಾಜು ಎತ್ತಿ, ಕಪ್ಪು ಪಾತ್ರೆಯ ಮುಚ್ಚಳ ತೆಗೆದಳು. ಹುರುಳಿಕಾಯಿ ಹಬೆಯಾಡುತ್ತಿತ್ತು. ಬೆಂಕಿ ಎಲ್ಲಿ ಎಂದು ಸುಂದರಮ್ಮ ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿದರು. ಬೆಂಕಿ ಇರಲಿಲ್ಲ. ಕನ್ನಡಿಯಿಂದ ಚಿಮ್ಮಿದ ಬಿಸಿಲು ಗಾಜು ದಾಟಿ ಒಳಗೆ ಬರುತ್ತದೆ, ಕಪ್ಪು ಬಣ್ಣ ಅದನ್ನು ಹೀರಿ ಕಾಯುತ್ತದೆ, ಹಾಗೆ ಕಾದ ಬಿಸಿ ಮತ್ತೆ ಗಾಜು ದಾಟಿ ಹೊರಗೆ ಹೋಗಲಾರದು ಎಂದು ಆ ಹೆಂಗಸು ವಿವರಿಸಿದಳು. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತರೆ ಹೇಗಿರುತ್ತೆ ನೋಡಿ, ಹಾಗೆ.

ರೇವಣಸಿದ್ದಯ್ಯನವರು ಹೆಚ್ಚು ಮಾತಿನವರಲ್ಲ. ಹೆಂಡತಿ ಆಸೆಪಟ್ಟದ್ದನ್ನು ಬೇಡ ಎನ್ನಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬೇಸರವಾಗಿ ಮೂಲೆಗೆ ಬೀಳುತ್ತದೆ ಎಂದುಕೊಂಡು, ಬಟ್ಟೆಯ ಬೇಲು ತರುವ ಮಟಾಡೋರ್ ವ್ಯಾನಿನಲ್ಲೇ ಅಂಥದೊಂದು ಪೆಟ್ಟಿಗೆಯನ್ನು ಮನೆಗೆ ತರಿಸಿದರು. ಒಪ್ಪದವರು ಅತ್ತೆ ಶೈಲಜಮ್ಮ. ಬೆಳಗ್ಗೆ ಲಿಂಗಪೂಜೆ ಮುಗಿಯುವವರೆಗೆ ನೀರೂ ಕುಡಿಯದ ಹೆಂಗಸು ಅವರು.

“ಬೆಂಕಿ ಮುಟ್ಟದ ಅನ್ನ ಅನ್ನ ಅನ್ಸ್ಕೊಳುತ್ತೇನಮ್ಮ? ಅದೂ ಕಾಗೆ ಓಡಾಡೋ ಜಾಗದಲ್ಲಿ” ಎಂದರು.

ಆದರೂ ಮೊದಲ ದಿನ ಕಾವಲು ಕೂತವರು ಅವರೇ. ಕಾಗೆ ಕೋತಿ ಬರಬಾರದೆಂದು ಪೆಟ್ಟಿಗೆಯ ಪಕ್ಕ ಚಾಪೆ ಹಾಸಿಕೊಂಡು, ಬಿಸಿಲು ತಡೆಯದೆ ಕೊಡೆ ಬಿಚ್ಚಿಕೊಂಡು ಕೂತರು. ಮಧ್ಯಾಹ್ನ ಗಾಜು ತೆಗೆದರೆ ಅಕ್ಕಿ ಹಾಗೇ ಇತ್ತು. ಎರಡನೇ ದಿನವೂ ಹಾಗೇ. ಸುಂದರಮ್ಮ ಕಣ್ಣೀರು ಹಾಕುವುದೊಂದು ಬಾಕಿ. ಮೂರನೇ ದಿನ ಮೆಟ್ಟಿಲ ಮೇಲಿಂದ ಸುಮ್ಮನೆ ನಿಂತು ನೋಡಿದಾಗ ಗೊತ್ತಾಯಿತು, ಅತ್ತೆಯ ಕೊಡೆಯ ನೆರಳು ನೇರ ಕನ್ನಡಿಯ ಮೇಲೆ ಬೀಳುತ್ತಿದೆ. ಹೇಳುವುದು ಹೇಗೆ? ಚಾಪೆಯನ್ನು ಮೆಲ್ಲಗೆ ಆಚೆ ಬದಿಗೆ ಎಳೆದು, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅತ್ತೆ ಎಂದರು. ಅವತ್ತು ಬೇಳೆ ಬೆಂದಿತು. ಶೈಲಜಮ್ಮ ಎರಡು ಬೆರಳಲ್ಲಿ ಒಂದು ಕಾಳು ಹಿಸುಕಿ ನೋಡಿ, ಬಾಯಿಗೆ ಹಾಕಿಕೊಂಡರು. ಮರುದಿನ ಬೆಳಗ್ಗೆ ಪೂಜೆ ಮುಗಿಸಿದವರೇ ತಾವಾಗಿಯೇ ಅಕ್ಕಿ ತೊಳೆದು ಮೇಲೆ ಕಳಿಸಿದರು.

ಅಲ್ಲಿಂದ ಮುಂದಿನ ವರ್ಷಗಳು ಸುಂದರಮ್ಮನ ಒಳ್ಳೆಯ ದಿನಗಳು. ಮಹಿಳಾ ಸಮಾಜದವರು ಅವರನ್ನೇ ಪೆಟ್ಟಿಗೆಯ ಪಾಠ ಹೇಳಲು ಕರೆಯತೊಡಗಿದರು. ಆಟೋದ ಹಿಂದಿನ ಸೀಟಿನಲ್ಲಿ ಪೆಟ್ಟಿಗೆ, ಪಕ್ಕದಲ್ಲಿ ಒತ್ತಿಕೊಂಡು ಅವರು. ಇವತ್ತು ಬಸವನಗುಡಿ, ನಾಳೆ ಮಲ್ಲೇಶ್ವರ. ಎಲ್ಲಿ ಹೋದರೂ ಅಡುಗೆ ಮಾಡುತ್ತಲೇ ಮಾತು. ಗಳಿಗೆಗೊಮ್ಮೆ ಗಾಜು ತೆಗೆದು ಇಣುಕಬೇಡಿ, ಒಳಗಿನ ಬಿಸಿಯೆಲ್ಲ ಓಡಿಹೋಗುತ್ತೆ. ಪಾತ್ರೆಯ ಹೊರಮೈ ಕಪ್ಪಗಿರಲಿ, ಹೊಳೆಯುವ ಸ್ಟೀಲು ಬಿಸಿಲನ್ನು ವಾಪಸ್ ಕಳಿಸಿಬಿಡುತ್ತೆ. ಮಲ್ಲೇಶ್ವರದಲ್ಲಿ ಒಮ್ಮೆ ಹಾಲ್ ತುಂಬ ಹೆಂಗಸರು ಕಾದಿರುವಾಗಲೇ ಮೋಡ ಕವಿಯಿತು. ಮಧ್ಯಾಹ್ನವಾದರೂ ಬೇಳೆ ಕಲ್ಲು. ಸುಂದರಮ್ಮ ನಗುತ್ತ ಪಾತ್ರೆ ಎತ್ತಿಕೊಂಡು ಹೋಗಿ ಸಮಾಜದ ಅಡುಗೆಮನೆಯ ಸ್ಟೌ ಮೇಲಿಟ್ಟು ಬಂದು, “ಮೋಡ ಇದ್ರೆ ಒಲೆ ಹಚ್ಚಿ. ಇದು ಒಲೆಗೆ ತಂಗಿ, ಸವತಿ ಅಲ್ಲ” ಎಂದರು. ಅವತ್ತು ಪೆಟ್ಟಿಗೆ ಬೇಕೆಂದು ಹೆಸರು ಕೊಟ್ಟವರೇ ಜಾಸ್ತಿಯಂತೆ.

ನನಗೆ ಆ ತಾರಸಿಯ ನೆನಪು ಚೆನ್ನಾಗಿದೆ. ಸ್ಕೂಲಿಗೆ ರಜೆ ಇದ್ದಾಗ ನಾವೆಲ್ಲ ಅಲ್ಲೇ. ಒಂದು ಕಡೆ ಸೀರೆಯ ಮೇಲೆ ಸಂಡಿಗೆ, ಇನ್ನೊಂದು ಕಡೆ ಪೆಟ್ಟಿಗೆ. ಅದರೊಳಗೆ ಕಡಲೆಕಾಯಿ ಬೀಜ ಹುರಿದು ಕೊಡುತ್ತಿದ್ದರು, ಒಂದೂ ಸೀಯುತ್ತಿರಲಿಲ್ಲ. ವರ್ಷವೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಇಡುತ್ತಿದ್ದ ಪೆಟ್ಟಿಗೆಯನ್ನು ಮೇ ತಿಂಗಳ ಹೊತ್ತಿಗೆ ಉತ್ತರಕ್ಕೆ ತಿರುಗಿಸುತ್ತಿದ್ದರು. ನಮ್ಮೂರಿನಲ್ಲಿ ಆ ಕೆಲವು ತಿಂಗಳು ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ ಎನ್ನುವುದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ, ಆ ಪೆಟ್ಟಿಗೆ ತಿರುಗಿದ್ದರಿಂದ.

ಆ ದಿನಗಳಲ್ಲೇ ಅವರಿಗೆ ಸರಸ್ವತಮ್ಮ ಹತ್ತಿರವಾದದ್ದು. ದಕ್ಷಿಣದ ಪಕ್ಕದ ಮನೆಯವರು. ಮಾಗಡಿ ಕಡೆಯ ಹಳ್ಳಿಯಿಂದ ಬಂದು, ಗಂಡ ನಾರಾಯಣಪ್ಪನವರು ಇಲ್ಲಿ ಲಾರಿ ವ್ಯವಹಾರ ಶುರು ಮಾಡಿದ್ದರು. ಎರಡು ತಾರಸಿಗಳ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ, ಸೀರೆ ಸ್ವಲ್ಪ ಎತ್ತಿಕೊಂಡರೆ ದಾಟಬಹುದು. ಸರಸ್ವತಮ್ಮ ವಯಸ್ಸಿನಲ್ಲಿ ಹಿರಿಯರು. ಸುಂದರಮ್ಮ ಅವರನ್ನು ‘ಸರಸಕ್ಕ’ ಎನ್ನುತ್ತಿದ್ದರು, ಅವರು ಇವರನ್ನು ‘ಸುಂದ್ರಾ’ ಎಂದು. ಪೆಟ್ಟಿಗೆಯಲ್ಲಿ ಮುದ್ದೆ ಆಗುತ್ತಾ ಎಂದು ಸರಸ್ವತಮ್ಮ ಕೇಳಿದ ಮೊದಲ ಪ್ರಶ್ನೆಗೆ ಆಗಲ್ಲ ಎಂದೇ ಉತ್ತರ ಬಂತು, ಕೋಲು ಹಾಕಿ ತಿರುವುವ ಅಡುಗೆ ಅದಕ್ಕೆ ಒಗ್ಗದು. ಆದರೆ ಸೊಪ್ಪಿನ ಸಾರು, ಅವರೆಕಾಳು ಹೂವಿನ ಹಾಗೆ ಬೇಯುತ್ತಿದ್ದವು. ತಮ್ಮ ಮನೆಯ ಭಾನುವಾರದ ಬಾಡೂಟ ಬೇರೆ ಎಂದು, ಯಾರೂ ಹೇಳದೆಯೇ, ಅವರು ತಮಗೊಂದು ಬೇರೆ ಪೆಟ್ಟಿಗೆ ತರಿಸಿಕೊಂಡರು. ಗೋಡೆಯ ಈಚೆಗೊಂದು, ಆಚೆಗೊಂದು. ಪಾತ್ರೆಗಳು ಬೇಯುತ್ತಿದ್ದರೆ ಇವರಿಬ್ಬರು ನೆರಳಿಗೆ ಸರಿದು ಹೂ ಕಟ್ಟುತ್ತ ಕೂರುತ್ತಿದ್ದರು. ಮಾಗಡಿಯ ಹಳ್ಳಿಯೂ ಅಕ್ಕಿಪೇಟೆಯ ಮಂಡಿಯೂ ಆ ತಾರಸಿಯ ಮೇಲೆ ಎಷ್ಟು ಸಲ ಭೇಟಿಯಾದವೋ.

ಮುಂದೆ ಸ್ನಾನದ ನೀರಿಗೂ ಬಿಸಿಲೇ ಆಯಿತು. ತಾರಸಿಯ ಮೇಲೆ ಓರೆಯಾಗಿ ನಿಲ್ಲಿಸಿದ ಗಾಜಿನ ಹಲಗೆ, ಅದರೊಳಗೆ ಕಪ್ಪು ತಗಡಿಗೆ ಬೆಸೆದ ತಾಮ್ರದ ಕೊಳವೆಗಳು, ಹಲಗೆಗಿಂತ ಎತ್ತರದಲ್ಲಿ ಟ್ಯಾಂಕು. ಕೊಳವೆಯಲ್ಲಿ ಕಾದ ನೀರು ಹಗುರಾಗಿ ತಾನೇ ಮೇಲೆ ಏರುತ್ತದೆ, ಟ್ಯಾಂಕಿನ ತಣ್ಣೀರು ಭಾರಕ್ಕೆ ಕೆಳಗಿಳಿದು ಆ ಜಾಗಕ್ಕೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಬಿಸಿಲಿರುವವರೆಗೆ ಈ ಸುತ್ತಾಟ ನಡೆದೇ ಇರುತ್ತದೆ. ಶೈಲಜಮ್ಮ ಕೊನೆಯ ವರ್ಷಗಳಲ್ಲಿ ಹೊಗೆಯಿಲ್ಲದ ಬಚ್ಚಲಲ್ಲಿ ಬಿಸಿನೀರು ಸುರಿದುಕೊಂಡು, ಕೆಮ್ಮು ಕಮ್ಮಿಯಾಯಿತೆಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಪೆಟ್ಟಿಗೆಯ ಕಾಲ ಹೆಚ್ಚು ದಿನ ಉಳಿಯಲಿಲ್ಲ. ಗ್ಯಾಸು ಸಲೀಸಾಗಿ ಸಿಗತೊಡಗಿತು, ಹೆಂಗಸರು ಕೆಲಸಕ್ಕೆ ಹೊರಟರು. ಮಧ್ಯಾಹ್ನದ ಅಡುಗೆಗೆ ಬೆಳಗ್ಗೆಯೇ ಪಾತ್ರೆ ಇಟ್ಟು ಕಾಯುವ ಪುರಸೊತ್ತು ಯಾರಿಗೂ ಉಳಿಯಲಿಲ್ಲ. ಸುಂದರಮ್ಮ ಪಾಠ ಹೇಳಿ ಕೊಡಿಸಿದ ಪೆಟ್ಟಿಗೆಗಳು ಒಂದೊಂದಾಗಿ ಹಳೇ ಪೇಪರು, ಚಪ್ಪಲಿ ತುಂಬುವ ಡಬ್ಬಗಳಾದವು. ಸರಸ್ವತಮ್ಮನ ಪೆಟ್ಟಿಗೆಯ ಗಾಜು ಒಡೆದು, ಅದರಲ್ಲಿ ಈರುಳ್ಳಿ ಕೂತಿತು. ಇದರಿಂದ ಸುಂದರಮ್ಮನಿಗೆ ನೋವಾಗಿರಬಹುದು, ಹೇಳಿದವರಲ್ಲ. ತಮ್ಮದನ್ನು ಮಾತ್ರ ಬಿಡಲಿಲ್ಲ. ವರ್ಷಕ್ಕೊಮ್ಮೆ ಕಪ್ಪು ಬಣ್ಣ ಬಳಿಯುತ್ತಿದ್ದರು. ರೇವಣಸಿದ್ದಯ್ಯನವರು ತೀರಿಕೊಂಡ ಮೇಲೆ ಮಧ್ಯಾಹ್ನದ ಊಟವನ್ನು ಅವರು ಮೇಲೆಯೇ ಮಾಡುವುದು ರೂಢಿಯಾಯಿತು. ಸರಸ್ವತಮ್ಮ ಗೋಡೆ ದಾಟಿ ಬಂದು ಜೊತೆಗೆ ಕೂರುತ್ತಿದ್ದರು. ಆ ಹೊತ್ತಿಗೆ ನಾರಾಯಣಪ್ಪನವರೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಸರಸ್ವತಮ್ಮನ ಮಗ ವೇಣುಗೋಪಾಲ್ ಆ ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಕಟ್ಟಲು ಹೊರಟ. ಅವನೂ ನನ್ನ ಹಾಗೆ ಆ ತಾರಸಿಯ ಮೇಲೆ ಕಡಲೆ ಬೀಜ ತಿಂದು ಬೆಳೆದವನೇ. ಕೆಲಸ ಮುಗಿಯುವವರೆಗೆ ತಾಯಿಯನ್ನು ಬನಶಂಕರಿಯ ಬಾಡಿಗೆ ಮನೆಗೆ ಕರೆದುಕೊಂಡು ಹೋದ. ಯುಗಾದಿ ಕಳೆದು ಗೃಹಪ್ರವೇಶವಾಯಿತು. ಸುಂದರಮ್ಮ ಸೀರೆ ಉಡುಗೊರೆ ಕೊಟ್ಟು, ಊಟ ಮಾಡಿ, ಹರಸಿ ಬಂದರು. ಆಗ ನಡುಹಗಲ ಸೂರ್ಯ ನೆತ್ತಿಯ ಮೇಲಿದ್ದ. ಪಕ್ಕದಲ್ಲಿ ಅಷ್ಟು ದೊಡ್ಡ ಗೋಡೆ ಎದ್ದಿದ್ದರೂ ಇವರ ತಾರಸಿಯ ಮೇಲೆ ಎಂದಿನಂತೆ ಬಿಸಿಲಿತ್ತು. ಏನೂ ಕಳೆದುಹೋಗಿಲ್ಲ ಎಂದೇ ನಾವೆಲ್ಲ ಅಂದುಕೊಂಡೆವು.

ದಸರಾ ಮುಗಿದ ಮೇಲೆ ಸೂರ್ಯ ದಕ್ಷಿಣಕ್ಕೆ ಇಳಿಯುತ್ತ ಹೋದ ಹಾಗೆ ನೆರಳು ಶುರುವಾಯಿತು. ಮೊದಲು ಗೋಡೆಯ ಬುಡದಲ್ಲಿ ಒಂದು ಪಟ್ಟಿ. ಸುಂದರಮ್ಮ ಪೆಟ್ಟಿಗೆಯನ್ನು ಅಷ್ಟು ಹಿಂದಕ್ಕೆ ಸರಿಸಿದರು. ಮರುವಾರ ಇನ್ನಷ್ಟು. ದೀಪಾವಳಿಯ ಹೊತ್ತಿಗೆ ಸರಿಸಲು ಜಾಗವೇ ಉಳಿಯಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ತಾರಸಿಯಿಡೀ ನೆರಳು. ಕಾರ್ತಿಕ ಸೋಮವಾರ ಬೆಳಗ್ಗೆ ಪೂಜೆಗೆ ಮುಂಚೆ ಸ್ನಾನಕ್ಕೆ ಹೋದವರು ನಲ್ಲಿ ತಿರುಗಿಸಿದರೆ ಕೈ ಕೊರೆಯುವ ತಣ್ಣೀರು ಬಂತು. ಅವರು ಅದರಲ್ಲೇ ಸ್ನಾನ ಮಾಡಿ ಬಂದರು.

ಮಗ ಶರಣ್‌ಗೆ ವಿಪರೀತ ಸಿಟ್ಟು ಬಂತು. ಅಪ್ಪನ ಅಂಗಡಿಯನ್ನು ಈಗ ನೋಡಿಕೊಳ್ಳುವವನು ಅವನೇ. ಗೋಡೆಗೆ ಬಿಡಬೇಕಾದ ಜಾಗ ಬಿಟ್ಟಿದ್ದಾರೋ ಇಲ್ಲವೋ ನೋಡಿಸುತ್ತೇನೆ, ದೂರು ಕೊಡುತ್ತೇನೆ ಎಂದ. ಸುಂದರಮ್ಮ ಬೇಡವೆಂದರು. ಗೋಡೆ ಒಂದಡಿ ಆಚೆ ಇದ್ದಿದ್ದರೂ ಪುಷ್ಯದ ಸೂರ್ಯ ಅದನ್ನು ದಾಟಿ ಬರುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಶರಣ್ ಬಚ್ಚಲಿಗೆ ಗೀಸರ್ ಹಾಕಿಸಿದ. ಪೆಟ್ಟಿಗೆ ಮೆಟ್ಟಿಲ ಕೆಳಗೆ ಬಂತು. ಊಟವಾದ ಮೇಲೆ ಅವರು ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂತಿರುವುದನ್ನು ನಾನು ಅದೇ ಮೊದಲು ನೋಡಿದ್ದು.

ಅವರನ್ನು ಚುಚ್ಚುತ್ತಿದ್ದದ್ದು ಬಿಸಿಲಿಗಿಂತ ಬೇರೆ ಒಂದು. ಸರಸ್ವತಮ್ಮ ಹೊಸ ಮನೆಗೆ ಬಂದು ಇಷ್ಟು ತಿಂಗಳಾದರೂ ಒಂದು ಸಲವೂ ಈ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಫೋನ್ ಮಾಡಿದರೆ ಸೊಸೆ ಎತ್ತಿ, ಅತ್ತೆ ಮಲಗಿದಾರೆ ಎನ್ನುತ್ತಿದ್ದಳು. ಮಾರ್ಗಶಿರದ ಒಂದು ಬೆಳಗ್ಗೆ ಸುಂದರಮ್ಮ ಲಿಫ್ಟ್ ಹತ್ತಿ ಮೂರನೇ ಮಹಡಿಗೆ ಹೋದರು. ಸರಸ್ವತಮ್ಮ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಆ ಕಿಟಕಿಯಿಂದ ನೇರ ಕೆಳಗೆ ಕಾಣುತ್ತಿದ್ದದ್ದು ನೆರಳು ತುಂಬಿದ ಸುಂದರಮ್ಮನ ತಾರಸಿ.

ಸರಸ್ವತಮ್ಮ ಇವರ ಮುಖ ನೋಡಲಿಲ್ಲ. “ನಿನ್ನ ಬಿಸಿಲು ನಾವು ಕಿತ್ಕೊಂಡ್ಬಿಟ್ವಲ್ಲ ಸುಂದ್ರಾ” ಎಂದರು. “ಚಳಿಗಾಲಕ್ಕೆ ನೆರಳು ಬೀಳುತ್ತೆ, ಒಂದು ಮಹಡಿ ಕಮ್ಮಿ ಕಟ್ಟು ಅಂತ ಮಗನಿಗೆ ಆಗ್ಲೇ ಹೇಳ್ದೆ. ಕೇಳ್ಲಿಲ್ಲ. ದಿನಾ ಇಲ್ಲಿಂದ ನೋಡ್ತೀನಿ. ಯಾವ ಮುಖ ಇಟ್ಕೊಂಡು ಬರ್ಲಿ?”

ಸುಂದರಮ್ಮ ಮಂಚದ ಮೇಲೆ ಅವರ ಪಕ್ಕ ಕೂತರು. ಏನು ಹೇಳಬೇಕೆಂದು ಯೋಚಿಸಿ ಬಂದಿರಲಿಲ್ಲವಂತೆ.

“ಬಿಸಿಲು ಎಲ್ಲೋಗುತ್ತೆ ಸರಸಕ್ಕ? ನಿಮ್ಮ ಮನೆ ಮೇಲೆ ಹತ್ತಿ ಕೂತಿದೆ. ನಾವೂ ಅಲ್ಲಿಗೇ ಹೋಗೋಣ, ಬನ್ನಿ.”

ಲಿಫ್ಟ್ ನಾಲ್ಕನೇ ಮಹಡಿಯವರೆಗೆ ಮಾತ್ರ. ಅಲ್ಲಿಂದ ತಾರಸಿಗೆ ಒಂದು ಸುತ್ತು ಮೆಟ್ಟಿಲು. ಸರಸ್ವತಮ್ಮನಿಗೆ ಮಂಡಿ ನೋವು, ತಮ್ಮ ಮನೆಯ ತಾರಸಿಯನ್ನು ಅವರು ಅದುವರೆಗೆ ನೋಡಿಯೇ ಇರಲಿಲ್ಲ. ಕಂಬಿ ಹಿಡಿದು, ನಡುವೆ ಕೂತು ಸುಧಾರಿಸಿಕೊಂಡು, ಇಬ್ಬರೂ ಹತ್ತಿದರು. ಬಾಗಿಲು ತೆರೆದರೆ ಕಣ್ಣು ಬಿಡಲಾಗದಷ್ಟು ಬಿಸಿಲು. ಮಾರ್ಗಶಿರದ ಚಳಿಗೆ ಹಿತವಾದ ಬಿಸಿಲು. ಸರಸ್ವತಮ್ಮ ಸೆರಗನ್ನು ತಲೆಗೆ ಎಳೆದುಕೊಂಡು ಗೋಡೆಗೆ ಒರಗಿ ನಿಂತು ಅತ್ತರು.

ಅಲ್ಲಿ ವೇಣುಗೋಪಾಲ್ ಇದ್ದ, ಸೌರ ಫಲಕ ಹಾಕುವವರ ಜೊತೆ ಅಳತೆ ನೋಡುತ್ತಿದ್ದ. ತಾರಸಿಯಿಡೀ ಫಲಕ ತುಂಬಿಸಿ ಕರೆಂಟು ಮಾಡುವ ಯೋಜನೆ ಅವನದು. ಹಗಲು ಕಟ್ಟಡಕ್ಕೆ ಬೇಕಾದಷ್ಟು ಉಪಯೋಗವಾಗಿ, ಮಿಕ್ಕದ್ದು ತಂತಿಯಲ್ಲೇ ಹೊರಗೆ ಹೋಗುತ್ತದೆ, ರಾತ್ರಿ ಬೇಕಾದ್ದು ಅದೇ ತಂತಿಯಲ್ಲಿ ಒಳಗೆ ಬರುತ್ತದೆ, ಮೀಟರು ಎರಡನ್ನೂ ಬರೆದುಕೊಳ್ಳುತ್ತದೆ. ಇಬ್ಬರು ಮುದುಕಿಯರು ಏದುಸಿರು ಬಿಡುತ್ತ ಬಂದು ನಿಂತದ್ದನ್ನು ಕಂಡು ಅವನು ಅಳತೆಯ ಪಟ್ಟಿ ಕೆಳಗಿಟ್ಟ. ಎಷ್ಟೋ ತಿಂಗಳಿಂದ ಅವನೂ ಸುಂದರಮ್ಮ ಎದುರಾದರೆ ಹೆಲ್ಮೆಟ್ ತೆಗೆಯದೆ ಹೋಗಿಬಿಡುತ್ತಿದ್ದ.

“ವೇಣು, ನನ್ ಪೆಟ್ಟಿಗೆಗೆ ಇಲ್ಲೊಂದು ಮೂಲೆ ಕೊಡ್ತೀಯೇನಪ್ಪ?” ಎಂದು ಸುಂದರಮ್ಮ ಕೇಳಿದರು.

“ಕೇಳ್ಬೇಕಾ ಆಂಟಿ” ಎಂದ ಅವನು. ಅವತ್ತು ಸಂಜೆಯೇ ಅವನೂ ಶರಣನೂ ಸೇರಿ ಮೆಟ್ಟಿಲ ಕೆಳಗಿನ ಪೆಟ್ಟಿಗೆಯನ್ನು ಮೇಲೆ ಹೊತ್ತರು. ಅವರಿಬ್ಬರು ಮಾತಾಡಿದ್ದೂ ದೀಪಾವಳಿಯಾದ ಮೇಲೆ ಅದೇ ಮೊದಲು. ಫಲಕಗಳ ಸಾಲಿನಲ್ಲಿ ಒಂದನ್ನು ಕಮ್ಮಿ ಮಾಡಿಸಿ ವೇಣು ದಕ್ಷಿಣದ ಅಂಚಿನಲ್ಲಿ ಜಾಗ ಬಿಡಿಸಿದ. ಉಳಿದವಕ್ಕೆ ಎತ್ತರದ ಕಬ್ಬಿಣದ ಕಾಲು ಹಾಕಿಸಿ, ಕೆಳಗೆ ನೆರಳಲ್ಲಿ ತಾಯಿಗೆಂದು ಕಲ್ಲಿನ ಬೆಂಚು ಕಟ್ಟಿಸಿದ.

ಫಲಕ ಕೂರಿಸಲು ಬಂದ ಹುಡುಗಿ ರಕ್ಷಿತಾಳನ್ನು ಸುಂದರಮ್ಮ ಬಿಡಲೇ ಇಲ್ಲ. ಇದರೊಳಗೆ ಏನು ಕಾಯುತ್ತೆ ಎಂದು ಕೇಳಿದರು. ಏನೂ ಕಾಯುವುದಿಲ್ಲ, ಬೆಳಕು ಬಿದ್ದರೆ ಫಲಕದ ಒಳಗಿನ ಕಣಗಳು ಜಾಗ ಬಿಟ್ಟು ಓಡತೊಡಗುತ್ತವೆ, ಆ ಓಟವೇ ಕರೆಂಟು ಎಂದು ಅವಳು ಹೇಳಿದಳು. ಇದಕ್ಕೆ ಬೇಕಾದ್ದು ಬೆಳಕು ಮಾತ್ರ, ಶಾಖ ಜಾಸ್ತಿಯಾದರೆ ಕೆಲಸ ಕಮ್ಮಿಯಾಗುತ್ತದಂತೆ. ಸುಂದರಮ್ಮ ಇದನ್ನು ನಂಬಲು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಬೀದಿಯಲ್ಲಿ ಸಿಕ್ಕಿದಾಗ ನನಗೂ ಹೇಳಿದರು. ಇಷ್ಟು ವರ್ಷ ಬಿಸಿಲು ಅಂದ್ರೆ ಬಿಸಿ ಅಂತಲೇ ತಿಳ್ಕೊಂಡಿದ್ದೆ ನೋಡು ಎಂದು ನಕ್ಕರು. ಹೊಸದೊಂದು ಗೊತ್ತಾದ ಖುಷಿ ಅವರ ಮುಖದಲ್ಲಿ ಕಾಣುತ್ತಿತ್ತು.

ಹೀಗೆ ಆ ಚಳಿಗಾಲ ಕಳೆಯಿತು. ಬೇಳೆ, ಅನ್ನ, ಪಲ್ಯ ಮೇಲೆಯೇ ಬೇಯುತ್ತಿದ್ದವು. ಒಗ್ಗರಣೆ ಮಾತ್ರ ಪೆಟ್ಟಿಗೆಯಲ್ಲಿ ಆಗದ ಮಾತು. ಅದಕ್ಕೆ ಸುಂದರಮ್ಮ ಸರಸ್ವತಮ್ಮನ ಅಡುಗೆಮನೆಯಲ್ಲಿ ಸೌಟಿನಲ್ಲಿ ಸಾಸಿವೆ ಸಿಡಿಸಿ, ಮೇಲೊಂದು ತಟ್ಟೆ ಮುಚ್ಚಿಕೊಂಡು ಲಿಫ್ಟ್ ಹತ್ತುತ್ತಿದ್ದರು. ಇಂಗಿನ ಪರಿಮಳಕ್ಕೆ ಕಟ್ಟಡದ ಬಾಡಿಗೆದಾರರು ಒಬ್ಬೊಬ್ಬರಾಗಿ ಹುಡುಕಿಕೊಂಡು ಮೇಲೆ ಬಂದರು. ಎರಡನೇ ಮಹಡಿಯ ತೇಜಶ್ರೀ ಮನೆಯಿಂದಲೇ ಕೆಲಸ ಮಾಡುವವಳು. ಬೆಳಗ್ಗೆ ಪಾತ್ರೆ ಇಟ್ಟು ಹೋಗಿ ಮಧ್ಯಾಹ್ನ ಬಂದು ಎತ್ತಿಕೊಳ್ಳುವುದು ಅವಳಿಗೆ ಅನುಕೂಲವಾಗಿಬಿಟ್ಟಿತು. ಅವಳೂ ಒಂದು ಪೆಟ್ಟಿಗೆ ತರಿಸಿದಳು. ಸುಂದರಮ್ಮನಿಗೆ ಮತ್ತೆ ಪಾಠ ಹೇಳುವ ಕೆಲಸ ಸಿಕ್ಕಿತು.

ನೀರಿನ ವಿಷಯ ಮಾತ್ರ ಸರಿಹೋಗಲಿಲ್ಲ. ಅಷ್ಟು ಎತ್ತರದಿಂದ ಇನ್ನೊಂದು ಮನೆಗೆ ಬಿಸಿನೀರಿನ ಕೊಳವೆ ಎಳೆಯುವುದು ಆಗದ ಕೆಲಸ. ಕಾರ್ತಿಕದಿಂದ ಮಾಘದವರೆಗೆ ಅವರ ಮನೆಗೆ ಈಗಲೂ ಗೀಸರೇ ಗತಿ. ಅದರ ಸ್ವಿಚ್ಚು ಒತ್ತುವಾಗ ಸುಂದರಮ್ಮನ ಮುಖ ಸ್ವಲ್ಪ ಗಂಟಾಗುತ್ತದೆ ಎಂದು ಶರಣ್ ಹೇಳುತ್ತಾನೆ.

ಶಿವರಾತ್ರಿ ಕಳೆದ ಮೇಲೆ ಸೂರ್ಯ ಮೇಲೇರಿ ನೆರಳು ಹಿಂದೆ ಸರಿಯಿತು, ಅವರ ಸ್ವಂತ ತಾರಸಿಗೆ ಬಿಸಿಲು ತಿರುಗಿ ಬಂತು. ಪೆಟ್ಟಿಗೆಯನ್ನು ಕೆಳಗಿಳಿಸಿ ತರೋಣವೇ ಎಂದು ಶರಣ್ ಕೇಳಿದ. ಬೇಡ ಎಂದರು. ಸರಸ್ವತಮ್ಮ ದಿನಾ ಆ ಒಂದು ಸುತ್ತು ಮೆಟ್ಟಿಲು ಹತ್ತುವುದನ್ನು ರೂಢಿ ಮಾಡಿಕೊಂಡಿದ್ದಾರೆ, ಪೆಟ್ಟಿಗೆ ಕೆಳಗೆ ಬಂದರೆ ಮತ್ತೆ ಮಂಚ ಹಿಡಿಯುತ್ತಾರೆ ಎಂದು ಕಾರಣ ಹೇಳಿದರು. ಮೊನ್ನೆ ಭಾನುವಾರ ನಾನು ಮೇಲೆ ಹೋಗಿದ್ದೆ. ಫಲಕಗಳ ಕೆಳಗಿನ ಬೆಂಚಿನ ಮೇಲೆ ಇಬ್ಬರೂ ಕೂತು, ಅಕ್ಕಿಪೇಟೆಯ ಮಂಡಿಗೆ ಬರುತ್ತಿದ್ದದ್ದು ಯಾವ ಊರಿನ ಅಕ್ಕಿ ಎಂದು ವಾದಿಸುತ್ತಿದ್ದರು. ನನ್ನನ್ನು ನೋಡಿ ಸುಂದರಮ್ಮ ಜರುಗಿ ಜಾಗ ಮಾಡಿಕೊಟ್ಟರು. ಸಾರು ಆಗಲು ಇನ್ನೂ ಸ್ವಲ್ಪ ಹೊತ್ತಿದೆ, ಕೂತಿರು ಎಂದರು.